ಅರ್ಧ ಗಡ್ಡದ ನ್ಯಾಯ

ಅವರ ಎಡಗೈಯ ಹಿಂಬದಿಯಲ್ಲಿ ಸದಾ ಸೋಪಿನ ನೊರೆ ಇರುತ್ತಿತ್ತು. ಗಡ್ಡ ಹೆರೆದ ಕತ್ತಿಯನ್ನು ಪ್ರತಿ ಸಲವೂ ಅಲ್ಲಿಗೇ, ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ, ಒರೆಸಿಕೊಳ್ಳುತ್ತಿದ್ದರು. ಬಿಳಿಯ ನೊರೆಯ ಮೇಲೆ ಎಳ್ಳು ಉದುರಿಸಿದ ಹಾಗೆ ಕೂದಲ ಚೂರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಊರಿನ ಗಡ್ಡ ಆ ಕೈ ಮೇಲೆ ಬಂದು ಹೋಗಿರುತ್ತಿತ್ತು. ಊಟಕ್ಕೆ ಮುಂಚೆ ಅಂಗಡಿಯ ಹಿಂದೆ ನೀರಿನ ಕೊಡದ ಪಕ್ಕ ಕುಕ್ಕರುಗಾಲಲ್ಲಿ ಕೂತು ಆ ಕೈಯನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ಉಜ್ಜಿ ಉಜ್ಜಿ ಅಲ್ಲಿನ ಚರ್ಮ ಬಲಗೈಗಿಂತ ಒಂದು ಬಣ್ಣ ಬೆಳ್ಳಗಾಗಿತ್ತು.

ನಮ್ಮೂರ ಕಟಿಂಗ್ ಅಂಗಡಿಯವರು ಅವರು. ನಮ್ಮೂರೆಂದರೆ ಚನ್ನಪಟ್ಟಣ ತಾಲ್ಲೂಕು, ಬೈರಾಪಟ್ಟಣದಿಂದ ಇನ್ನೊಂದಿಷ್ಟು ಒಳಗೆ. ಅವರು ತೀರಿಹೋಗಿ ಎರಡು ವರ್ಷವಾಯಿತು. ಸತ್ತವರ ಬಗ್ಗೆ ಮೆತ್ತಗೆ ಬರೆಯಬೇಕಂತೆ. ನನ್ನಿಂದ ಆಗುವುದಿಲ್ಲ. ನನಗೆ ಸಿಟ್ಟು ಬಂದಿದೆ, ಅದಕ್ಕೇ ಬರೆಯಲು ಕೂತಿದ್ದೇನೆ.

ಹೋದ ತಿಂಗಳು ರಾಮನಗರದಲ್ಲಿ, ಹೈವೇ ಪಕ್ಕ ಹೊಸದಾಗಿ ತೆರೆದ ಎ.ಸಿ. ಸಲೂನಿನಲ್ಲಿ ಕಟಿಂಗ್‌ಗೆ ಕೂತಿದ್ದೆ. ಪಕ್ಕದ ಕುರ್ಚಿಯಲ್ಲಿ ಒಬ್ಬ ಆಸಾಮಿ ಕಣ್ಣು ಮುಚ್ಚಿಕೊಂಡು ತಲೆಗೆ ಮಸಾಜ್ ಮಾಡಿಸಿಕೊಳ್ಳುತ್ತ ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದ. ಒಪ್ಪಿಕೊಂಡ ಕೆಲಸ ಕೆಡಿಸಿದವರು ಯಾರೋ ಇರಬೇಕು. ಬೈಯಲು ಅವನಿಗೆ ಸಿಕ್ಕಿದ್ದು ಆ ಪದ. ಅವನ ನೆತ್ತಿ ಒತ್ತುತ್ತಿದ್ದವನ ಬೆರಳುಗಳು ಒಂದು ಗಳಿಗೆ ನಿಂತು, ಮತ್ತೆ ಒತ್ತತೊಡಗಿದವು.

ಆ ಪದ ಯಾವುದೆಂದು ನಾನಿಲ್ಲಿ ಬರೆಯುವುದಿಲ್ಲ. ಕನ್ನಡ ಬಲ್ಲವರಿಗೆಲ್ಲ ಗೊತ್ತು. ಕ್ಷೌರ ಮಾಡುವವರನ್ನು ಕರೆಯಲು ಇದ್ದ ಪದ ಅದು. ಅದನ್ನು ನಾವು ಕೆಲಸಕ್ಕೆ ಬಾರದವನು, ಮಾನಗೆಟ್ಟವನು ಎಂಬ ಅರ್ಥದ ಬೈಗುಳ ಮಾಡಿಕೊಂಡಿದ್ದೇವೆ. ಎಂಥ ಕೃತಘ್ನ ಜನ ನಾವು ನೋಡಿ. ಬರಿಗತ್ತಿಯ ಮುಂದೆ ಕತ್ತೆತ್ತಿ, ಕಣ್ಣು ಮುಚ್ಚಿ, ಗೊರಕೆ ಹೊಡೆಯುವಷ್ಟು ಯಾರನ್ನು ನಂಬುತ್ತೇವೋ ಅವರ ಕಸುಬಿನ ಹೆಸರನ್ನೇ ನಂಬಿಕೆಗೆ ಯೋಗ್ಯನಲ್ಲದವನಿಗೆ ಇಟ್ಟಿದ್ದೇವೆ. ಇದನ್ನು ಟೀ ಅಂಗಡಿಯಲ್ಲೂ ಆಡುತ್ತೇವೆ, ಮದುವೆ ಮನೆಯಲ್ಲೂ ಆಡುತ್ತೇವೆ, ಅವರ ಕುರ್ಚಿಯಲ್ಲೇ ಕೂತು ಅವರ ಕಿವಿಗೆ ಬೀಳುವ ಹಾಗೆಯೂ ಆಡುತ್ತೇವೆ.

ನಾನು ಆ ಆಸಾಮಿಗೆ, "ಸ್ವಾಮಿ, ಆ ಪದ ಬೇಡ" ಎಂದೆ. ಅವನು ಒಂದು ಕಣ್ಣು ತೆರೆದು, "ಯಾಕ್ರೀ, ನೀವೇನು ಅವ್ರ ಪೈಕೀನಾ?" ಎಂದು ಕೇಳಿದ. ನನ್ನ ಕೂದಲು ಕತ್ತರಿಸುತ್ತಿದ್ದವನು ಬಗ್ಗಿ ನನ್ನ ಕಿವಿಯಲ್ಲಿ, "ಬುಡಿ ಸಾ, ಓನರ್ ಬೈತಾರೆ" ಎಂದ. ಅಲ್ಲಿಗೆ ಮುಗಿಯಿತು. ಮನೆಗೆ ಬಂದಾಗ ಹೆಂಡತಿ ಹಿಂದಿನಿಂದ ನೋಡಿ, "ಮತ್ತೆ ಕೂದ್ಲು ಎದ್ದು ನಿಂತೈತೆ" ಎಂದಳು. ನನಗೆ ಜೋಡಿ ಸುಳಿ. ಅದನ್ನು ಕೂರಿಸಲು ಬಲ್ಲ ಕೈ ನನಗೆ ಗೊತ್ತಿದ್ದದ್ದು ಒಂದೇ, ಅದನ್ನು ಕಳೆದುಕೊಂಡದ್ದು ನನ್ನದೇ ತಪ್ಪಿನಿಂದ. ಸಲೂನಿನಲ್ಲಿ ಗುರುತಿಲ್ಲದವನಿಗೆ ಅಂದೆನಲ್ಲ, ಆ ಮಾತನ್ನು ಆಡಬೇಕಾಗಿದ್ದ ಜಾಗ ಬೇರೆ ಇತ್ತು.

ನಮ್ಮ ಮನೆಯಲ್ಲಿ ಆ ಪದ ಬೈಗುಳವೂ ಆಗಿರಲಿಲ್ಲ. ಅಷ್ಟು ಮಾಮೂಲಿಯಾಗಿತ್ತು. ಅಪ್ಪ ಬೆಳಿಗ್ಗೆ ಜಗಲಿಯ ಮೇಲೆ ಕೂತು ಗಲ್ಲ ತುರಿಸಿಕೊಳ್ಳುತ್ತ, ಆ ಪದ ಹೇಳಿ, "ಓಗ್ಲಾ, ಕರ್ಕೊಂಡ್ ಬಾ" ಎನ್ನುತ್ತಿದ್ದರು. ನನಗೆ ಆಗ ಆರೋ ಏಳೋ ವರ್ಷ. ಅದು ಅವರ ಹೆಸರೆಂದೇ ತಿಳಿದಿದ್ದೆ. ಬೇರೆ ಹೆಸರಿನಿಂದ ಅವರನ್ನು ಯಾರೂ ಕರೆದದ್ದನ್ನು ನಾನು ಕೇಳಿರಲಿಲ್ಲ. ಮೊದಲ ಸಲ ಒಬ್ಬನೇ ಹೋದಾಗ ಅಂಗಡಿ ಮುಂದೆ ನಿಂತು, ಜೊತೆಗಾರನನ್ನು ಆಟಕ್ಕೆ ಕರೆಯುವಷ್ಟು ಸಲೀಸಾಗಿ, ಆ ಪದದಿಂದಲೇ ಅವರನ್ನು ಕೂಗಿದೆ. ಬೆಂಚಿನ ಮೇಲೆ ಕೂತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವರು ನಗಲಿಲ್ಲ. ಕತ್ತರಿ ಇಟ್ಟು ಹೊರಗೆ ಬಂದು, ನನ್ನೆದುರು ಮಂಡಿಯೂರಿ ಕೂತರು.

"ಮಗ, ಅದು ನನ್ನ ಹೆಸ್ರಲ್ಲ ಕಣಪ್ಪ. ನಂಗೂ ಒಂದ್ ಹೆಸ್ರೈತೆ. ಕೇಳು, ಯೋಳ್ತೀನಿ."

ನನಗೆ ನಾಚಿಕೆಯಾಗಿ ಓಡಿಬಿಟ್ಟೆ. ಮಾರನೆಯ ಸಲದಿಂದ 'ಅಣ್ಣ' ಎಂದು ಕರೆದೆ. ಅವರು ಮತ್ತೆ ಹೆಸರಿನ ಸುದ್ದಿ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಅಂಗಡಿಯ ಬೋರ್ಡಿನಲ್ಲಿ ದೇವರ ಹೆಸರಿತ್ತು. ಅವರ ಹೆಂಡತಿ ಅವರನ್ನು 'ಇವ್ರೇ' ಎನ್ನುತ್ತಿದ್ದರು. ಊರಿನವರಿಗೆ ಆ ಒಂದು ಪದ ಸಾಕಾಗಿತ್ತು.

ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು ನನ್ನನ್ನು ಕೂರಿಸುತ್ತಿದ್ದರು. ತಲೆ ಮುಂದಕ್ಕೆ ಬಗ್ಗಿಸಿ ನೆತ್ತಿಯ ಮೇಲೆ ಬೆರಳಾಡಿಸಿ, "ಜೋಡಿ ಸುಳಿ. ಇಲ್ಲಾ ಎರಡು ಮದ್ವೆ ಆಯ್ತೀಯ, ಇಲ್ಲಾ ಎರಡು ನಾಲ್ಗೆ ಬತ್ತವೆ. ಯಾವ್ದು ಬೇಕ್ಲಾ ನಿಂಗೆ?" ಎಂದು ಕಿಚಾಯಿಸುತ್ತಿದ್ದರು. ಬೇರೆಯವರು ಸುಳಿ ಇರುವ ಕಡೆ ಕೂದಲನ್ನು ಚಿಕ್ಕದು ಮಾಡುತ್ತಾರೆ, ಅದು ಸೆಟೆದು ನಿಲ್ಲುತ್ತದೆ. ಇವರು ಅಲ್ಲಿ ಉದ್ದ ಬಿಟ್ಟು, ಒಂದೊಂದು ಸುಳಿಯನ್ನೂ ಅದರದರ ದಿಕ್ಕಿಗೆ ಬಾಚಿ, ಬಾಚಣಿಗೆ ಸಮೇತ ಕತ್ತರಿಸುತ್ತಿದ್ದರು. "ಸುಳಿ ಜೊತೆ ಜಗಳ ಆಡಬಾರ್ದು ಮಗ. ಅದೆತ್ಲಾಗೆ ಓಯ್ತದೋ ಅತ್ಲಾಗೇ ಒಸಿ ದಾರಿ ಬುಡಬೇಕು" ಎನ್ನುತ್ತಿದ್ದರು.

ಕತ್ತರಿ ಆಡಿಸುತ್ತ ಆಡಿಸುತ್ತ ಊರ ತಲೆಗಳ ಕತೆಯನ್ನೆಲ್ಲ ಹೇಳುತ್ತಿದ್ದರು. ಅವರ ತಾತನ ಕಾಲಕ್ಕೆ ಗೌಡರೆಲ್ಲ ಮುಂದಲೆ ಬೋಳಿಸಿಕೊಂಡು ಹಿಂದೆ ಜುಟ್ಟು ಬಿಡುತ್ತಿದ್ದರಂತೆ. ಮೈಸೂರಿಗೆ ಓದಲು ಹೋಗಿದ್ದ ಒಬ್ಬಾತ ರಜೆಗೆ ಬಂದವನು, ಜುಟ್ಟು ತೆಗೆದು ಕ್ರಾಪು ಬಿಡು ಎಂದನಂತೆ. ತಾತ ಬಿಟ್ಟರು. ಆತನ ಮನೆಯವರು ಆತನಿಗೆ ಒಂದು ಮಾತೂ ಅನ್ನದೆ, ಕ್ರಾಪು ಹೊಡೆದ ತಾತನನ್ನು ಹಿಡಿದು ಕಂಬಕ್ಕೆ ಕಟ್ಟಿದರು. ಆಮೇಲೆ ಕಿವಿ ಮುಚ್ಚುವ ಹಿಪ್ಪಿ ಬಂತು, ಸ್ಟೆಪ್ ಕಟಿಂಗ್ ಬಂತು, ಈಗ ಕಿವಿಯ ಮೇಲೆಲ್ಲ ಬೋಳಿಸಿ ಗೀಟು ಎಳೆಯುವ ಕಟಿಂಗ್. ಒಂದೊಂದು ಬಂದಾಗಲೂ, ಮಕ್ಕಳ ತಲೆ ನೋಡಿ ಕೆಂಡವಾದ ಅಪ್ಪಂದಿರು ಬಂದು ಕೂಗಾಡುತ್ತಿದ್ದದ್ದು ಇವರ ಅಂಗಡಿಯ ಮುಂದೆ. "ಫ್ಯಾಶನ್ ಮಾಡೋರು ನೀವು, ಬೈಸ್ಕೊಳ್ಳೋರು ನಾವು" ಎಂದು ಅವರು ಕತ್ತರಿ ನಿಲ್ಲಿಸದೆ ಹೇಳುತ್ತಿದ್ದರು. "ನಿನ್ ಹಿಪ್ಪಿ ಬುಟ್ಟಿದ್ದೂ ಇದೇ ಕೈಯಲ್ಲಿ ಕಣಣ್ಣ, ಮರ್ತೋಯ್ತಾ?"

ಬೈಸಿಕೊಳ್ಳುವುದಕ್ಕೆ ಅವರದೊಂದು ಲೆಕ್ಕವಿತ್ತು. ಅವರನ್ನು ಬೈದರೆ ತಡೆದುಕೊಳ್ಳುತ್ತಿದ್ದರು. ಆ ಪದವನ್ನು ಬೈಗುಳ ಮಾಡಿದರೆ ತಡೆದುಕೊಳ್ಳುತ್ತಿರಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಅದನ್ನು ಕಣ್ಣಾರೆ ಕಂಡೆ. ಆಗ ಅಂಗಡಿ ಊರೊಳಗೆ, ರಾಮಮಂದಿರದ ಎದುರು ಇತ್ತು. ಕುರ್ಚಿಯಲ್ಲಿ ಪಂಚಾಯ್ತಿ ಮೆಂಬರ್ ಕೂತಿದ್ದರು. ಎಡಗೆನ್ನೆ ಮುಗಿದಿತ್ತು, ಬಲಗೆನ್ನೆಗೆ ನೊರೆ ಹಚ್ಚಿತ್ತು. ಬೆಂಚಿನ ಮೇಲಿದ್ದವರ ಜೊತೆ ಮಾತಾಡುತ್ತ ಮೆಂಬರು, ಚರಂಡಿ ಕೆಲಸ ಕೆಡಿಸಿದ ಕಂಟ್ರಾಕ್ಟರನನ್ನು ಆ ಪದದಿಂದ ಬೈದರು. ಕತ್ತಿ ನಿಂತಿತು. ಅದನ್ನು ಎಡಗೈಗೆ ಒರೆಸಿ, ಮಡಚಿ, ಕನ್ನಡಿಯ ಮುಂದೆ ಇಟ್ಟರು. ಮೆಂಬರ ಕತ್ತಿನ ಬಟ್ಟೆ ಬಿಚ್ಚಿ ಕೊಡವಿದರು.

"ಏಳಿ."

"ಯಾಕ್ಲಾ, ಇನ್ನರ್ಧ ಐತಲ್ಲ."

"ಕೆಲ್ಸ ಬರ್ದೇ ಇರೋನಿಗೆ ನಮ್ಮ ಹೆಸ್ರು ಇಟ್ರಲ್ಲ, ಅಂಥೋನ ಕೈಗೆ ಕತ್ತು ಕೊಟ್ಕೊಂ‌ಡು ಯಾಕ್ ಕೂತಿದ್ದೀರಿ. ಏಳಿ."

"ನಿಂಗ್ ಅಂದಿದ್ದಲ್ಲ ಕಣ್ಲಾ. ಕಂಟ್ರಾಕ್ಟ್ರಿಗೆ ಅಂದಿದ್ದು."

"ಅದ್ಕೇ ಏಳಿ ಅಂತಿರೋದು. ನಂಗೇ ಅಂದಿದ್ರೆ ಸುಮ್ಕಿರ್ತಿದ್ದೆ."

ಮೆಂಬರು ಮುಖಕ್ಕೆ ಟವೆಲ್ ಸುತ್ತಿಕೊಂಡು, ಯಾರದೋ ಬೈಕಿನ ಹಿಂದೆ ಕೂತು, ಇನ್ನರ್ಧ ಗಡ್ಡಕ್ಕೆ ಚನ್ನಪಟ್ಟಣಕ್ಕೆ ಹೋದರು. ಊರು ಒಂದು ದಿನ ನಕ್ಕಿತು. ಎರಡನೆಯ ದಿನ ರಾಮಮಂದಿರದ ಮುಂದೆ ನ್ಯಾಯ ಸೇರಿತು. ತಪ್ಪಾಯ್ತು ಅನ್ನು ಎಂದು ಹೇಳಿದರು. ಅವರು ಕೈಕಟ್ಟಿ ನಿಂತು, "ಆ ಮಾತ ಅವ್ರು ವಾಪಸ್ ತಕೊಳ್ಳಲಿ. ಒಂದ್ ವರ್ಷ ಅವ್ರ ಮನೆಗೇ ಬಂದು ಗಡ್ಡ ಮಾಡ್ತೀನಿ" ಎಂದರು. ಒಂದು ಪದವನ್ನು ವಾಪಸು ತೆಗೆದುಕೊಳ್ಳುವುದಕ್ಕೆ ಆ ದೊಡ್ಡ ಮನುಷ್ಯರ ಗಂಟಲಲ್ಲಿ ಜಾಗವಿರಲಿಲ್ಲ. ಅಂಗಡಿಯಿದ್ದ ಊರ ಜಾಗವನ್ನು ಅವರು ಖಾಲಿ ಮಾಡಬೇಕೆಂದು ತೀರ್ಮಾನವಾಯಿತು. ನ್ಯಾಯ ಹೇಳಲು ಮೊದಲ ಸಾಲಿನಲ್ಲಿ ಕೂತಿದ್ದವರಲ್ಲಿ ನಮ್ಮಪ್ಪನೂ ಒಬ್ಬರು. ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ಅವರು ಮೇನ್ ರೋಡಿನ ಬಸ್ ಸ್ಟಾಪ್ ಹತ್ತಿರ ತಗಡಿನ ಶೆಡ್ ಹಾಕಿಕೊಂಡರು. ಇನ್ನು ಮೇಲೆ ಯಾರ ಮನೆಗೂ ಬರುವುದಿಲ್ಲ ಎಂದರು. ಕೇರಿಯವರಾಗಲಿ ಗೌಡರಾಗಲಿ, ಬಂದ ಸಾಲಿನಲ್ಲಿ ಕೂತು, ಒಂದೇ ಕುರ್ಚಿಗೆ ಕಾಯಬೇಕು ಎಂದರು. ನ್ಯಾಯ ಹೇಳಿದವರೆಲ್ಲ ನಾಚಿಕೆಯಿಲ್ಲದೆ ಅಲ್ಲಿಗೂ ನಡೆದುಕೊಂಡು ಹೋದರು. ಕೈ ಅಂಥದ್ದು, ಏನು ಮಾಡುತ್ತಾರೆ. ಶೆಡ್ಡಿನೊಳಗೆ ಇರುವಷ್ಟು ಹೊತ್ತು ಎಲ್ಲರ ನಾಲಿಗೆಗೂ ಬೀಗ. ಹೊರಗೆ ಬಂದು ರಸ್ತೆ ದಾಟುವಷ್ಟರಲ್ಲಿ ಮತ್ತೆ ಅದೇ ಪದ.

ನಾನು ಓದಿ ರಾಮನಗರದ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರಾದೆ. ಮನೆಯೂ ಅಲ್ಲೇ ಆಯಿತು. ಆದರೂ ತಿಂಗಳಿಗೊಂದು ಭಾನುವಾರ ಬಸ್ಸು ಹತ್ತಿ ಆ ಶೆಡ್ಡಿಗೇ ಹೋಗುತ್ತಿದ್ದೆ. ನಾಲ್ಕು ಜನರೆದುರು 'ಮೇಷ್ಟ್ರೇ' ಎನ್ನುತ್ತಿದ್ದರು, ಯಾರೂ ಇಲ್ಲದಾಗ 'ಮಗ'. ಬೆಂಚಿನ ಮೇಲಿದ್ದವರಿಗೆ ನನ್ನ ತಲೆ ತೋರಿಸಿ, "ಒಳಗಡೇದು ಕಾಲೇಜ್ನೋರು ನೋಡ್ಕೊಂಡ್ರು, ಹೊರಗಡೇದೆಲ್ಲ ನಂದೇ" ಎಂದು ಬೀಗುತ್ತಿದ್ದರು. ನನ್ನ ಮದುವೆಯ ಹಿಂದಿನ ದಿನ ಕಟಿಂಗ್ ಮಾಡಿ, ಗಲ್ಲಕ್ಕೆ ಪಟಿಕ ಉಜ್ಜಿ, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, "ಒಂದು ಮದ್ವೆ ಆಯ್ತು. ಇನ್ನು ಆ ನಾಲ್ಗೆ ಒಂದ್ನ ಹುಷಾರಾಗಿ ನೋಡ್ಕೊ" ಎಂದಿದ್ದರು.

ಏಳು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಹನ್ನೊಂದನೆಯ ದಿನದ ಕಾರ್ಯಕ್ಕೆ ಮೊದಲು ಮಗನ ತಲೆ ಬೋಳಿಸಬೇಕು. ಅವರು ಸಾವಿನ ಮನೆಗೂ ಬರುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ಚನ್ನಪಟ್ಟಣದಿಂದ ಯಾರನ್ನೋ ಕರೆಸಲು ಹೊರಟಿದ್ದರು. ಬೆಳಿಗ್ಗೆ ನಮ್ಮ ಪಂಪ್‌ಸೆಟ್ ಹತ್ತಿರ ಹೋಗಿ ನೋಡಿದರೆ, ಯಾರೂ ಕರೆಯದೆ, ಚೀಲ ಹಿಡಿದುಕೊಂಡು ಇವರೇ ನಿಂತಿದ್ದರು.

"ನಿಮ್ಮಪ್ಪನ ಮೋರೆ ನೋಡಿ ಬರ್ನಿಲ್ಲ" ಎಂದರು. "ಜೋಡಿ ಸುಳಿ. ಬೇರೇವ್ರು ಕತ್ತಿ ಹಾಕುದ್ರೆ ಗಾಯ ಮಾಡ್ತಾರೆ."

ಕಲ್ಲಿನ ಮೇಲೆ ಕೂತೆ. ಬೊಗಸೆಯಲ್ಲಿ ನೀರು ತಂದು ನೆತ್ತಿ ನೆನೆಸಿದರು. ಬಲಗಡೆ ಅರ್ಧ ಮುಗಿದಿತ್ತು. ಚಿಕ್ಕಪ್ಪ ತೆಂಗಿನ ಮರಗಳ ಕಡೆಯಿಂದ ಬಂದು, "ಅಯ್ನೋರು ಕಾಯ್ತಾವ್ರೆ, ಬಿರ್‌ಬಿರ್‌ನೆ ಮುಗಿಸ್ಲಾ" ಎಂದು, ಕೊನೆಗೆ ಆ ಪದವನ್ನೂ ಸೇರಿಸಿದರು.

ಕತ್ತಿ ನಿಂತಿತು. ಆ ನಿಲ್ಲುವಿಕೆ ನನಗೆ ಗೊತ್ತಿತ್ತು. ಎಡಗೈಗೆ ಕತ್ತಿ ಒರೆಸಿದ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು. ಸುತ್ತ ನೆಂಟರಿಷ್ಟರು ನಿಂತಿದ್ದರು. ಕತ್ತಿ ಹಿಡಿದವರು ಚಿಕ್ಕಪ್ಪನ ಕಡೆ ನೋಡಲೂ ಇಲ್ಲ. ಬಗ್ಗಿ ನನ್ನ ಮುಖ ನೋಡಿದರು. ನೋಡುತ್ತ ಕಾದರು.

ಚಿಕ್ಕಪ್ಪ, ಆ ಪದ ಬೇಡ. ನಾನು ಆಡಬೇಕಾಗಿದ್ದದ್ದು ಇಷ್ಟೇ, ನಾಲ್ಕು ಪದ. ದಿನವಿಡೀ ಕನ್ನಡ ಪಾಠ ಮಾಡಿ ಸಂಬಳ ತೆಗೆದುಕೊಳ್ಳುವ ನನ್ನ ಬಾಯಿಂದ ಅದು ಹೊರಡಲಿಲ್ಲ. ಅಪ್ಪನ ಕಾರ್ಯ, ಹಿರಿಯರು, ಇವತ್ತು ಜಗಳ ಬೇಡ, ನಾಳೆ ಹೇಳಿದರಾಯಿತು ಎಂದು ಏನೇನೋ ನೆಪ ತಲೆಯಲ್ಲಿ ಓಡಿತು. ನಾನು ಕಣ್ಣು ಕೆಳಗೆ ಹಾಕಿದೆ. ಥೂ ನನ್ನ ಜನ್ಮಕ್ಕೆ.

ಈಗ ಬಿಟ್ಟು ಹೋಗುತ್ತಾರೆ ಎಂದುಕೊಂಡೆ. ಮೆಂಬರನ್ನು ಬಿಟ್ಟ ಹಾಗೆ ನನ್ನನ್ನೂ ಬಿಟ್ಟು ಹೋಗಿದ್ದರೆ, ಅರ್ಧ ಬೋಳು ತಲೆಯಲ್ಲಿ ಕಾರ್ಯಕ್ಕೆ ಕೂರಲಾರದೆ ನಾನು ನೆಂಟರ ಮುಂದೆ ಮೂರು ಕಾಸಿನವನಾಗುತ್ತಿದ್ದೆ, ಅದು ನನಗೆ ತಕ್ಕ ಶಾಸ್ತಿಯೂ ಆಗುತ್ತಿತ್ತು. ಅವರು ಹೋಗಲಿಲ್ಲ. ಕತ್ತಿ ಮತ್ತೆ ನೆತ್ತಿಗೆ ತಾಗಿತು. ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು:

"ಅಪ್ಪನ್ನ ಕಳ್ಕೊಂಡೋನ್ನ ಅರ್ಧ ತಲೇಲಿ ಬುಟ್ಟು ಓಗೋಕೆ ನಾನೇನು ನಿಮ್ಮಂಗಲ್ಲ."

ಒಂದು ಗೀರೂ ಬೀಳದ ಹಾಗೆ ಮುಗಿಸಿದರು. ಜೋಡಿ ಸುಳಿಯ ಸುತ್ತ ಆ ಕತ್ತಿ ತಿರುಗಿದ್ದು ನನಗೆ ಇವತ್ತಿಗೂ ನೆತ್ತಿಯ ಮೇಲೆ ಗೊತ್ತಾಗುತ್ತದೆ. ಮೊರದಲ್ಲಿ ಅವರಿಗೆಂದು ಇಟ್ಟಿದ್ದ ಅಕ್ಕಿ, ಪಂಚೆ, ಎಲೆಅಡಿಕೆ ಯಾವುದನ್ನೂ ಮುಟ್ಟಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ರಾಗಿ ಹೊಲದ ಬದುವಿನ ಮೇಲೆ ನಡೆದು ಹೋದರು.

ಮೂರು ತಿಂಗಳಿಗೆ ನನ್ನ ಕೂದಲು ಬಂತು. ಏನೂ ಆಗದವನ ಹಾಗೆ ಶೆಡ್ಡಿಗೆ ಹೋಗಿ ಬೆಂಚಿನ ಮೇಲೆ ಕೂತೆ. ನನ್ನ ಸರದಿ ಬಂದಾಗ ನನ್ನ ಹಿಂದಿನವರನ್ನು ಕರೆದರು. ಅವರಾದ ಮೇಲೆ ಅವರ ಹಿಂದಿನವರನ್ನು. ಕೊನೆಗೆ ಯಾರೂ ಉಳಿಯಲಿಲ್ಲ. ಕುರ್ಚಿಯ ಮೇಲಿನ ಕೂದಲು ಒರೆಸುತ್ತ, ನನ್ನ ಕಡೆ ತಿರುಗದೆ, ಹೇಳಿದರು:

"ನಿಂಗೆ ಕೂದ್ಲು ಬೆಳ್ದೈತೆ ಮಗ. ಮಾತು ಬೆಳ್ದಿಲ್ಲ. ಬೆಳುದ್ಮೇಲೆ ಬಾ."

ಬಾ ಎಂದೇ ಹೇಳಿದ್ದರು. ಚಿಕ್ಕಪ್ಪನ ಮುಂದೆ ಆ ನಾಲ್ಕು ಪದ ಆಡಿ, ಬಸ್ಸು ಇಳಿದು, ಶೆಡ್ಡಿಗೆ ಹೋಗಿ ಕೂತಿದ್ದರೆ ಬಟ್ಟೆ ಕೊಡವಿ ನನ್ನ ಕೊರಳಿಗೆ ಕಟ್ಟುತ್ತಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ. ಐದು ವರ್ಷ ನಾನು ಹೋಗಲಿಲ್ಲ. ಹಬ್ಬಕ್ಕೆ ಊರಿಗೆ ಹೋದೆ, ಚಿಕ್ಕಪ್ಪನ ಮನೆಯಲ್ಲಿ ಉಂಡೆ, ಊಟದ ನಡುವೆ ಆ ಪದ ಎಷ್ಟೋ ಸಲ ಕಿವಿಗೆ ಬಿತ್ತು, ಮುದ್ದೆಯ ಜೊತೆ ಅದನ್ನೂ ನುಂಗಿದೆ. ಬಸ್ಸು ಶೆಡ್ಡಿನ ಮುಂದೆ ನಿಂತಾಗ ಆಚೆ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂರುತ್ತಿದ್ದೆ. ತಲೆಯ ಹಿಂದೆ ಕೂದಲು ಎದ್ದು ನಿಂತಿರುತ್ತಿತ್ತು, ಕಾಲೇಜಿನಲ್ಲಿ ಹುಡುಗರು ನಗುತ್ತಿದ್ದರು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಚಿಕ್ಕಪ್ಪ ಫೋನ್ ಮಾಡಿದರು. ಮೊದಲು ರೇಷ್ಮೆ ಗೂಡಿನ ರೇಟು, ಮಳೆ ಎಲ್ಲ ಮಾತಾಡಿದರು. ಆಮೇಲೆ, ನೆನಪಾದವರ ಹಾಗೆ, "ಗೊತ್ತಾಯ್ತೇನ್ಲಾ, ನಮ್ಮೂರ" ಎಂದು ಆ ಪದ ಹೇಳಿ, "ಓಗ್ಬುಟ್ಟ ಕಣ್ಲಾ. ಮೂರ್ ದಿನ ಆಯ್ತು" ಎಂದರು.

ನಾನು ಕಿರುಚಿದೆ. ಸ್ಟಾಫ್ ರೂಮಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕಿರುಚಿದೆ. "ಚಿಕ್ಕಪ್ಪ, ಆ ಪದ ಬೇಡ."

ಚಿಕ್ಕಪ್ಪ, "ಆಯ್ತು ಬುಡ್ಲಾ, ಅನ್ನಾಕಿಲ್ಲ. ಅದ್ಕ್ಯಾಕಂಗ್ ಕೂಗಾಡ್ತೀಯ?" ಎಂದರು.

ಅಷ್ಟೇ. ಅಷ್ಟು ಸುಲಭವಾಗಿತ್ತು. ಚಿಕ್ಕಪ್ಪ ಮುನಿಸಿಕೊಳ್ಳಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ, ನೆಂಟಸ್ತನ ಮುರಿಯಲಿಲ್ಲ. ಇದಕ್ಕೆ ಹೆದರಿ ಐದು ವರ್ಷ ಕೂತಿದ್ದೆನಲ್ಲ ಎಂದು ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಚಿಕ್ಕಪ್ಪನ ಮೇಲೆ, ಊರಿನ ಮೇಲೆ, ಸತ್ತ ಅಪ್ಪನ ಮೇಲೆ ಇರುವ ಸಿಟ್ಟನ್ನೆಲ್ಲ ಒಂದು ಕಡೆ ಇಟ್ಟರೂ, ನನ್ನ ಮೇಲಿರುವುದೇ ಹೆಚ್ಚು ತೂಗುತ್ತದೆ.

ರಜೆ ಹಾಕಿ ಅವತ್ತೇ ಹೋದೆ. ಶೆಡ್ಡಿಗೆ ಬೀಗ ಬಿದ್ದಿತ್ತು. ತಗಡಿನ ಬಾಗಿಲ ಮೇಲೆ ಅವರ ಮಕ್ಕಳು ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ಫೋಟೋದಲ್ಲಿ ಎಣ್ಣೆ ಹಾಕಿ ಓರೆ ಬೈತಲೆ ತೆಗೆದ ಕೂದಲು, ಅವರೇ ಬಾಚಿಕೊಂಡದ್ದು ಎಂದು ನೋಡಿದರೆ ಗೊತ್ತಾಗುತ್ತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, ಇನಿಷಿಯಲ್ ಸಮೇತ, ಅವರ ಹೆಸರು. ನಲವತ್ತು ದಾಟಿದ ಕನ್ನಡ ಮೇಷ್ಟ್ರು ರಸ್ತೆಯಲ್ಲಿ ನಿಂತು ಒಂದೊಂದೇ ಅಕ್ಷರ ಕೂಡಿಸಿಕೊಂಡು ಅದನ್ನು ಬಾಯಿಬಿಟ್ಟು ಓದಿದೆ. ಪಕ್ಕದ ಟೀ ಅಂಗಡಿಯ ಹೆಂಗಸು ಲೋಟ ತೊಳೆಯುತ್ತ ನನ್ನನ್ನೇ ನೋಡಿ, "ಯಾಕ್ ಸಾ, ನಿಮ್ಗೆ ಅವ್ರ ಹೆಸ್ರು ಗೊತ್ತಿರ್ನಿಲ್ವಾ?" ಎಂದು ಕೇಳಿದಳು.

ಆ ಹೆಸರನ್ನು ಇಲ್ಲಿ ಬರೆದುಬಿಡಬಹುದಿತ್ತು. ಫ್ಲೆಕ್ಸ್ ನೋಡಿ ಓದಿಕೊಂಡ ಹೆಸರನ್ನು ಅವರೇ ಹೇಳಿದರೆಂಬ ಹಾಗೆ ಬರೆಯಲು ನನಗೆ ಮುಖವಿಲ್ಲ. ನನ್ನೆದುರು ಮಂಡಿಯೂರಿ ಕೂತು, ಕೇಳು, ಯೋಳ್ತೀನಿ ಎಂದಿದ್ದರು. ನಾನು ಕೇಳಲಿಲ್ಲ.